ಪಕ್ಕದ ತೋಟಕ್ಕೆ ಹೂವಿನ ಪರಿಹಾರ ಬಂತು, ನಮಗ್ಯಾಕೆ ಬರಲಿಲ್ಲ ಅಂದವರಿಗೆ

ಅಣ್ಣ, ಕೊರೊನಾ ಹೊತ್ತಲ್ಲಿ ಪಕ್ಕದವರಿಗೆ ಹೂವಿನ ಪರಿಹಾರ ಬಂತು, ನಮಗಿಲ್ಲ, ಮತ್ತೆ ಅಂಥ ಕಾಯಿಲೆ ಬಂದು ಮಾರುಕಟ್ಟೆ ಮುಚ್ಚಿದರೆ ಈಗಲೇ ಏನು ಸರಿಮಾಡಿಟ್ಟುಕೊಳ್ಳಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಇಬ್ಬರು 'ಎಲ್ಲಾ ವಶೀಲಿ' ಅಂತ ಉತ್ತರ ಬರೆದಿದ್ದಾರೆ. ಇರಬಹುದು. ಆದರೆ ನಾನು ಕಂಡ ಹೆಚ್ಚಿನ ಕಡೆ ದುಡ್ಡು ಸಿಕ್ಕಿಹಾಕಿಕೊಂಡದ್ದು ಪಹಣಿಯಲ್ಲಿ (ಜಮೀನಿನ ಒಡೆತನ, ಬೆಳೆಯ ದಾಖಲೆ), ಇಲ್ಲಾ ಆಧಾರ್ ಜೋಡಣೆಯಲ್ಲಿ.

ಮೊದಲು ಲೆಕ್ಕ ನೋಡಿ, ಆಸೆ ಎಷ್ಟಿರಬೇಕು ಅಂತ ಗೊತ್ತಾಗುತ್ತೆ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ 1,610 ಕೋಟಿಯ ಪ್ಯಾಕೇಜಿನಲ್ಲಿ ಹೂವಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿನ ಮಿತಿಗೆ. ಗುಂಟೆಗೆ 250ರ ಆಸುಪಾಸು ಬಿತ್ತು. 2021ರ ಎರಡನೇ ಅಲೆಗೆ ಹೂವಿನದು ಹೆಕ್ಟೇರಿಗೆ 10,000ಕ್ಕೆ ಇಳೀತು, ಗುಂಟೆಗೆ 100 ರೂಪಾಯಿ. ಕುಯ್ಯೋ ಆಳಿನ ಕೂಲಿಗೂ ಸಾಲದು. 2020ರಲ್ಲಿ ಲಾಕ್‌ಡೌನ್ ಶುರುವಾದದ್ದೇ ಯುಗಾದಿ ದಿನ. ಹಬ್ಬಕ್ಕೆ ಅಂತ ಬಿಟ್ಟಿದ್ದ ಸೇವಂತಿಗೆ ಗಿಡದಲ್ಲೇ ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ರೋಟವೇಟರ್ ಹೊಡೆಸಿದೆ. ಅದರ ನಷ್ಟದ ಮುಂದೆ ಈ ದುಡ್ಡು ಏನೂ ಅಲ್ಲ. ಆದರೂ ಬರೋದನ್ನ ಯಾಕೆ ಬಿಡಬೇಕು?

ಪಹಣಿಯ ಬೆಳೆ ಕಾಲಂ ನೋಡಿದ್ದೀರಾ? ಎಷ್ಟೋ ಕಡೆ ನೆಲದಲ್ಲಿ ಹೂವು, ಕಾಗದದಲ್ಲಿ ರಾಗಿ. ಈಗ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ನಾವೇ ಹೊಲದಲ್ಲಿ ನಿಂತು ಫೋಟೋ ಹಾಕಬಹುದು, ಇಲ್ಲಾ ಸಮೀಕ್ಷೆಗೆ ಅಂತ ನೇಮಿಸಿದ ಊರಿನ ಹುಡುಗ (ಪಿಆರ್ ಅಂತಾರೆ) ಬಂದು ಹಾಕ್ತಾನೆ. ಅವನು ಬಂದ ದಿನ ನೀವು ಹೊಲದಲ್ಲಿರಿ. ಬದುವಿನ ಮೇಲೆ ನಿಂತು ಪಕ್ಕದ ಬೆಳೆಯ ಫೋಟೋ ಹೊಡೆದು ಹೋದದ್ದನ್ನ ನಾನೇ ನೋಡಿದ್ದೀನಿ. ಏನು ದಾಖಲಾಗಿದೆ ಅಂತ 'ಬೆಳೆ ದರ್ಶಕ' ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿದರೆ ಕಾಣುತ್ತೆ. ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ. ಸರ್ಕಾರದ ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ನಿಮ್ಮ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಇದ್ದರೂ ಎಲ್ಲಾ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ಕೇಳಿ. ಗುತ್ತಿಗೆಗೋ ಕೋರಿಗೋ (ಬೆಳೆಯ ಪಾಲಿಗೆ) ಮಾಡೋರ ಪಾಡು ಬೇರೆ. ದುಡ್ಡು ಪಹಣಿದಾರನಿಗೆ ಹೋಗುತ್ತೆ, ಬೆವರು ಇವರದು. ಇದಕ್ಕೆ ನನ್ನ ಹತ್ರ ಉಪಾಯ ಇಲ್ಲ.

ಇನ್ನು ಆಧಾರ್. ನನ್ನದು ಮೂವತ್ತು ಗುಂಟೆ, ಏಳೂವರೆ ಸಾವಿರ ಬರಬೇಕಿತ್ತು. ಪರಿಹಾರದ ಪಾವತಿ ತೋರಿಸೋ ಸರ್ಕಾರದ ಆ್ಯಪಿನಲ್ಲಿ 'ಪಾವತಿಯಾಗಿದೆ' ಅಂತಿದೆ, ಪಾಸ್‌ಬುಕ್‌ನಲ್ಲಿ ಬಿಡಿಗಾಸಿಲ್ಲ. ಬ್ಯಾಂಕಿಗೆ ಮೂರು ಸಲ ಅಲೆದೆ, ಕೌಂಟರಿನಲ್ಲಿದ್ದವರು ನಮ್ಮಲ್ಲಿಗೆ ಬಂದಿಲ್ಲ ಅಂದರು, ಅಷ್ಟೆ. ಕೊನೆಗೆ ಆ್ಯಪಿನಲ್ಲಿ ಕಂಡ ಖಾತೆಯ ಕೊನೆಯ ಅಂಕಿಗಳನ್ನು ಹಿಡಿದು ಮನೆಯ ಟ್ರಂಕ್ ಹುಡುಕಿದಾಗ ಸಿಕ್ಕಿದ್ದು, ಯಾವುದೋ ಕಾಲದಲ್ಲಿ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದು ಮರೆತಿದ್ದ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್. ಆಧಾರ್ ಮೇಲೆ ಕಳಿಸೋ ದುಡ್ಡು ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗಲ್ಲ, ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಣೆ (ಮ್ಯಾಪ್) ಆಗಿದೆಯೋ ಅಲ್ಲಿಗೆ ಹೋಗುತ್ತೆ. ಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿದರೆ ಬ್ಯಾಂಕಿನ ಹೆಸರು ತೋರಿಸುತ್ತೆ, ಎರಡು ನಿಮಿಷದ ಕೆಲಸ. ಆ ಖಾತೆ ವಹಿವಾಟಿಲ್ಲದೆ ಮಲಗಿದ್ದರೆ ಕೆವೈಸಿ ಕೊಟ್ಟು ಎಬ್ಬಿಸಿ.

ಮನೆಯ ಬೇರೆಯವರ ಪಾಲನ್ನೂ ಮರೀಬೇಡಿ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೇಂದ್ರ ತಿಂಗಳಿಗೆ 500 ಹಾಕಿದ್ದು ಹೆಂಗಸರ ಜನಧನ ಖಾತೆಗೆ ಮಾತ್ರ. ನಮ್ಮ ಮನೆಯವಳದೂ ಝೀರೋ ಬ್ಯಾಲೆನ್ಸ್ ಖಾತೆಯೇ, ಆದರೆ ಜನಧನದಲ್ಲಿ ತೆರೆದದ್ದಲ್ಲ, ಹಾಗಾಗಿ ಬರಲಿಲ್ಲ. ಅಮ್ಮನಿಗೆ ಪಿಂಚಣಿ ಮೇಲೆ 1,000 ಬಂತು, ಎರಡು ಕಂತಲ್ಲಿ. ರೇಷನ್ ಕಾರ್ಡಿನಲ್ಲಿ ಹೆಸರಿದ್ದವರಿಗೆ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯ ಸಿಕ್ಕಿತು, ಆದ್ದರಿಂದ ಹೊಸ ಸೊಸೆ, ಮಕ್ಕಳ ಹೆಸರು ಸೇರಿಸೋದನ್ನ ಮುಂದಕ್ಕೆ ಹಾಕಬೇಡಿ. ಪಿಎಂ ಕಿಸಾನ್‌ನ 2,000ವನ್ನ ಕೊರೊನಾ ಪರಿಹಾರ ಅಂತ ಹೇಳಿದರು. ಅದು ನಮಗೆ ಬರಲೇಬೇಕಿದ್ದ ಕಂತು, ಏಪ್ರಿಲ್‌ನಲ್ಲೇ ಹಾಕಿದರು ಅಷ್ಟೆ.

ನಿಮ್ಮ ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ ಅಂತ ಕೊನೆಯ ಸಾಲಲ್ಲಿ ಬರೆದಿದ್ದೀರಲ್ಲ, ಅಣ್ಣ, ನನ್ನ ಅಂದಾಜಿನಲ್ಲಿ ನಿಮ್ಮ ಗಂಟು ಇರೋದೇ ಅಲ್ಲಿ. ಹೆಸರು ಅವರದು, ಆಧಾರ್ ನಿಮ್ಮದು, ಹೊಂದೋದು ಹೇಗೆ? ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸೋದು) ಅರ್ಜಿ ಕೊಡಿ. ಅಣ್ಣತಮ್ಮಂದಿರ ಜೊತೆ ಮೊದಲೇ ಕೂತು ಮಾತಾಡಿಕೊಂಡು ಹೋಗಿ, ಒಬ್ಬರು ತಕರಾರು ಎತ್ತಿದರೂ ವರ್ಷಗಟ್ಟಲೆ ಎಳೆಯುತ್ತೆ.