ಕುಕ್ಕರುಗಾಲಲ್ಲಿ ಕೂತು ನೋಡಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ನಾಲ್ಕು ವರ್ಷ. ಪಾರ್ಕಿಗೆ ಕರೆದುಕೊಂಡು ಹೋದರೆ ಹುಲ್ಲಿನ ಮೇಲೆ ಕಾಲಿಡುವುದಿಲ್ಲ. ಇರುವೆ ಕಂಡರೆ ಕಿರುಚಿ ನನ್ನ ಸೊಂಟ ಏರುತ್ತಾಳೆ. ಕೈಗೆ ಮಣ್ಣು ತಾಗಿದರೆ ಒರೆಸುವ ತನಕ ಅಳು. ನಾನೂ ಫ್ಲ್ಯಾಟಿನಲ್ಲೇ ಬೆಳೆದವಳು, ನಾಲ್ಕು ಮರಗಳ ಹೆಸರೂ ನೆಟ್ಟಗೆ ಗೊತ್ತಿಲ್ಲ. ಚಿತ್ರದ ಪುಸ್ತಕ ತಂದೆ, ವಿಡಿಯೊ ತೋರಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಇವಳಿಗೆ ಗಿಡ, ಮರ, ಹುಳಹುಪ್ಪಟೆ ಇಷ್ಟವಾಗುವ ಹಾಗೆ ಮಾಡುವುದು ಹೇಗೆ?
— ಹೆಸರು ಬೇಡ

ಉತ್ತರ: ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇರುವೆ ಕಂಡಾಗ ನಿಮ್ಮ ಮುಖ ಹೇಗಿರುತ್ತದೆ?

ಯಾಕೆ ಕೇಳಿದೆ ಅಂದರೆ, 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಆಗಾಗ ನೆನಪಾಗುತ್ತದೆ. ಒಂದು ವರ್ಷದ ಮಕ್ಕಳನ್ನು ಗಾಜಿನ ಹಾಸಿನ ಮೇಲೆ ಅಂಬೆಗಾಲಿಡಲು ಬಿಟ್ಟರು. ಗಾಜು ಗಟ್ಟಿಯೇ. ಆದರೆ ಅರ್ಧ ದಾರಿಯಲ್ಲಿ ಕೆಳಗೆ ಸುಮಾರು ಒಂದಡಿ ಹಳ್ಳ ಇರುವಂತೆ ಕಾಣುತ್ತದೆ. ಆ ಕಡೆ ಅಮ್ಮ. ಅಮ್ಮ ನಗುಮುಖದಲ್ಲಿದ್ದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದು ಮಗುವೂ ದಾಟಲಿಲ್ಲ. ಯಾರೂ ‘ಬೇಡ’ ಅಂದಿರಲಿಲ್ಲ. ಮಕ್ಕಳು ಮುಖ ಓದಿಕೊಂಡವು, ಅಷ್ಟೇ.

ಇನ್ನು ಮರಗಳ ಹೆಸರು ಗೊತ್ತಿಲ್ಲ ಅಂದಿರಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಜಾಸ್ತಿ ಗೊತ್ತಿದ್ದದ್ದೇ ತೊಂದರೆಯಾಯಿತು. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಚಟ ನೋಡಿ! ಮೊಮ್ಮಗನಿಗೆ ಮೂರು ತುಂಬಿದ್ದೇ ತಡ, ಮರ ಮರದ ಮುಂದೆ ನಿಲ್ಲಿಸಿ ಹೆಸರು ಹೇಳಿಸಿದೆ. ನಾಲ್ಕನೇ ದಿನ ಚಪ್ಪಲಿ ಹಾಕಿಕೊಳ್ಳುವಾಗಲೇ ಅವನು, “ಅಜ್ಜಿ, ಇವತ್ತು ಮನೆಯಲ್ಲೇ ಇರೋಣ” ಅಂದ. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ಆಮೇಲೆ ಕಲಿಸಿದ್ದು ಇರುವೆ, ನಾನಲ್ಲ. ಮಂಡಿ ನೋವಿತ್ತು, ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದ. ಒದ್ದೆ ಬೆರಳಿಂದ ಸಾಲಿಗೆ ಅಡ್ಡ ಒಂದು ಗೆರೆ ಎಳೆದ. ಮುಂದಿದ್ದ ಇರುವೆ ಗಕ್ಕನೆ ನಿಂತಿತು. ಹಿಂದಿನದು ಅದಕ್ಕೆ ಡಿಕ್ಕಿ. ಒಂದು ಎಡಕ್ಕೆ ಹೋಯಿತು, ಒಂದು ವಾಪಸು ತಿರುಗಿತು, ಮೀಸೆಗೆ ಮೀಸೆ ತಾಗಿಸಿ ಏನೋ ವಿಚಾರಿಸಿಕೊಂಡ ಹಾಗೆ. ಸ್ವಲ್ಪ ಹೊತ್ತಿಗೆ ಒಂದು ಇರುವೆ ಆ ಗೆರೆ ದಾಟಿತು. ಮತ್ತೆ ಎರಡು. ಆಮೇಲೆ ಸಾಲು ಮೊದಲಿನಂತೆಯೇ ಕೂಡಿಕೊಂಡಿತು. “ಅಜ್ಜಿ, ಅವುಗಳ ರೋಡು ನಾನು ಅಳಿಸಿಬಿಟ್ಟಿದ್ದೆ!” ಅಂದ. ಸರಿಯಾಗೇ ಹೇಳಿದ್ದ. ಇರುವೆಗಳು ಹೊಟ್ಟೆಯ ತುದಿಯಿಂದ ನೆಲಕ್ಕೆ ವಾಸನೆಯ ಗುರುತು ಹಚ್ಚುತ್ತಾ ಹೋಗುತ್ತವೆ, ಹಿಂದಿನವು ಅದನ್ನೇ ಹಿಡಿದು ಬರುತ್ತವೆ. ಅವನು ಕೇಳಿದ, ಎರಡು ವಾಕ್ಯದಲ್ಲಿ ಹೇಳಿದೆ. ಮೂರನೆಯದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ನೀವೂ ಒಂದೇ ಜಾಗ ಹಿಡಿಯಿರಿ. ಒಂದು ಮರದ ಬುಡ ಸಾಕು. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ನೀವು ನೋಡಿ, ಅವಳಿಗೆ ‘ನೋಡು’ ಅನ್ನಬೇಡಿ. ಮುಟ್ಟು ಅಂತ ಕೈ ಹಿಡಿದು ಎಳೆಯಲೇಬೇಡಿ. ಮಣ್ಣಿಗೆ ಮೊದಲು ಒಂದು ಕಡ್ಡಿ ಕೊಡಿ, ಆಮೇಲೆ ಹಳೇ ಚಮಚ, ಒಂದು ಚೊಂಬು ನೀರು. ಕೈ ಯಾವಾಗ ಇಳಿಯಬೇಕೋ ಆಗ ಇಳಿಯುತ್ತದೆ. ಹೆಸರು ಗೊತ್ತಿಲ್ಲದ ಗಿಡಕ್ಕೆ ಅವಳೇ ಹೆಸರಿಡಲಿ. ನನ್ನ ಮೊಮ್ಮಗನ ‘ಗರಗಸದೆಲೆ’ಯ ನಿಜವಾದ ಹೆಸರನ್ನು ನಾನು ಇನ್ನೂ ಹೇಳಿಲ್ಲ. ಕಂಬಳಿಹುಳ, ಕೆಂಪಿರುವೆ ಮಾತ್ರ ಕಣ್ಣಲ್ಲೇ ನೋಡುವಂಥವು. ಅವುಗಳ ಮುಂದೆ ಎರಡೂ ಕೈ ಬೆನ್ನ ಹಿಂದೆ, ನಿಮ್ಮದೂ ಸೇರಿ.

ಪ್ರಶ್ನೆ: ಮಗುವನ್ನು ಹೊರಗೆ ಬಿಟ್ಟರೆ ಬಿಸಿಲಿಗೆ ಕಣ್ಣು ಹಾಳಾಗುತ್ತದೆ ಅನ್ನುತ್ತಾರೆ ಅತ್ತೆ. ನಿಜವೇ?
— ಐದು ವರ್ಷದ ಮಗುವಿನ ತಾಯಿ

ಉತ್ತರ: ಸೂರ್ಯನನ್ನೇ ನೆಟ್ಟ ಕಣ್ಣಲ್ಲಿ ನೋಡಬಾರದು, ಸುಡುವ ಮಧ್ಯಾಹ್ನ ಬೇಡ. ಅಷ್ಟರಮಟ್ಟಿಗೆ ಅತ್ತೆಯವರ ಮಾತು ಸರಿ. ಆದರೆ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ಇದೆಯಲ್ಲ, ಅದು ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಕಡಿಮೆ. ತೈವಾನಿನಲ್ಲಿ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಲ್ಲಿ ಇರಿಸುವ ಕಾರ್ಯಕ್ರಮವೇ ಇದೆ. ಮರದ ನೆರಳಾದರೂ ಸಾಕು. ಹಗಲಿನ ನೆರಳಲ್ಲೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

ಪ್ರಶ್ನೆ: ಆರು ವರ್ಷದ ಮಗ ಜೀರುಂಡೆ ಹಿಡಿದು ಬಾಟಲಿಗೆ ಹಾಕುತ್ತಾನೆ. ಬೆಳಿಗ್ಗೆ ಸತ್ತಿರುತ್ತದೆ, ಕೂತು ಅಳುತ್ತಾನೆ. ಹಿಡಿಯುವುದನ್ನೇ ನಿಲ್ಲಿಸಲಾ?
— ಒಬ್ಬ ಅಪ್ಪ

ಉತ್ತರ: ಬೇಡ. ಚಾರ್ಲ್ಸ್ ಡಾರ್ವಿನ್‌ಗೆ ಕಾಲೇಜು ದಿನಗಳಲ್ಲಿ ಇದೇ ಹುಚ್ಚು. ಒಮ್ಮೆ ಮರದ ತೊಗಟೆ ಕಿತ್ತಾಗ ಎರಡು ಅಪರೂಪದ ಜೀರುಂಡೆ ಸಿಕ್ಕವು, ಎರಡೂ ಕೈಯಲ್ಲಿ ಒಂದೊಂದು ಹಿಡಿದ. ಅಷ್ಟರಲ್ಲಿ ಮೂರನೆಯದು ಕಂಡಿತು. ಬಲಗೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡ! ಅದು ಉರಿಯುವ ರಸ ಬಿಟ್ಟು ನಾಲಿಗೆ ಸುಟ್ಟಿತು. ಉಗಿದ, ಅದೂ ಹೋಯಿತು, ಮೂರನೆಯದೂ ಹೋಯಿತು. ಮಗನಿಗೆ ಈ ಕತೆ ಹೇಳಿ, ಬಾಯಿಗೆ ಹಾಕುವ ಭಾಗ ಅನುಕರಣೆಗಲ್ಲ ಅಂತಲೂ ಹೇಳಿ.

ಬಾಟಲಿ ಇರಲಿ, ಆದರೆ ರಾತ್ರಿ ಇಡುವಂತಿಲ್ಲ. ಮುಚ್ಚಳಕ್ಕೆ ತೂತು, ಒಳಗೆ ಒದ್ದೆ ಎಲೆ, ಬಿಸಿಲಿಗೆ ಇಡಬಾರದು. ಒಂದು ಚಿತ್ರ ಬರೆದುಕೊಳ್ಳುವಷ್ಟು ಹೊತ್ತು ಸಾಕು. ಆಮೇಲೆ ಎಲ್ಲಿ ಸಿಕ್ಕಿತ್ತೋ ಅಲ್ಲೇ ಅವನ ಕೈಯಿಂದಲೇ ಬಿಡಿಸಿ. ಕಲ್ಲಿನಡಿ ಸಿಕ್ಕಿದ್ದರೆ ಮೊದಲು ಕಲ್ಲನ್ನು ಇದ್ದ ಹಾಗೇ ಮೆಲ್ಲಗೆ ಇಡಲಿ, ಹುಳವನ್ನು ಅದರ ಅಂಚಿನಲ್ಲಿ ಬಿಡಲಿ. ಅದೇ ನುಸುಳಿಕೊಂಡು ಹೋಗುತ್ತದೆ.