ಆರೋಗ್ಯ ಸಂಶೋಧನೆ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡಿದರೆ ನಮ್ಮ ಕಡೆ ಜನ ಕೇಳುತ್ತಾರಾ? ಹೇಗೆ ಶುರು ಮಾಡಬೇಕು?

ದಾವಣಗೆರೆಯಲ್ಲಿ ಎಂಬಿಬಿಎಸ್ ಓದುತ್ತಿದ್ದೀರಿ. ಜರ್ನಲ್‌ಗಳಲ್ಲಿ ಬರುವ ಹೊಸ ಸಂಶೋಧನೆಗಳನ್ನು ವಾರಕ್ಕೊಂದರಂತೆ ಕನ್ನಡದಲ್ಲಿ ಹೇಳುವ ಆಸೆ ಇದೆ. ಆದರೆ ಇದನ್ನು ಯಾರು ಕೇಳುತ್ತಾರೆ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ನಾನು ಚಿತ್ರದುರ್ಗದಲ್ಲಿ ನರ್ಸಿಂಗ್ ಪಾಠ ಮಾಡುತ್ತೇನೆ. ಡಾಕ್ಟರ್ ಆಗಿರುವ ಗೆಳತಿಯೊಬ್ಬಳ ಜೊತೆ ಸೇರಿ ಕೆಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಜನ ಕೇಳುತ್ತಾರೆ, ಅದರಲ್ಲಿ ಅನುಮಾನ ಬೇಡ. ಭದ್ರಾವತಿ ಆಕಾಶವಾಣಿ, ಚಿತ್ರದುರ್ಗ ಆಕಾಶವಾಣಿ ಕೇಳುತ್ತ ಅಡುಗೆ ಮಾಡಿದ, ಹೊಲದ ಕೆಲಸ ಮಾಡಿದ ಊರುಗಳು ನಮ್ಮವು. ಕೈ ಕೆಲಸದಲ್ಲಿದ್ದರೂ ಕಿವಿ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ. ಈಗ ಆ ಕಿವಿಗೆ ಬೀಳುತ್ತಿರುವುದು ವಾಟ್ಸಾಪ್ ಆಡಿಯೊ. ಇಂಥ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಬೇರುಸಮೇತ ಹೋಗುತ್ತದೆ ಎಂದು ಯಾರೋ ಹೆಸರಿಲ್ಲದವರು ಹೇಳಿದ್ದನ್ನು ಕೊನೆಯವರೆಗೂ ಕೇಳುತ್ತಾರೆ, ನಾಲ್ಕು ಗುಂಪಿಗೆ ಕಳಿಸುತ್ತಾರೆ. ಆರೋಗ್ಯದ ಮಾತು ಬೇಕೇ ಬೇಕು ಅವರಿಗೆ. ಸರಿಯಾದದ್ದನ್ನು ಅವರ ಭಾಷೆಯಲ್ಲಿ ಹೇಳುವವರು ಕಡಿಮೆ, ಅಷ್ಟೇ.

ನಿಮ್ಮ ಯೋಜನೆಯಲ್ಲಿ ನಾನು ಬದಲಾಯಿಸಿ ಎನ್ನುವುದು ಒಂದೇ: 'ವಾರಕ್ಕೊಂದು ಹೊಸ ಸಂಶೋಧನೆ' ಬೇಡ. ಒಂದು ಪ್ರಬಂಧ ಒಂದು ವಿಷಯವನ್ನು ತೀರ್ಮಾನ ಮಾಡುವುದು ಬಹಳ ಅಪರೂಪ. ಈ ವಾರ ಕಾಫಿ ಒಳ್ಳೆಯದು ಎಂದು, ಮುಂದಿನ ತಿಂಗಳು ಕೆಟ್ಟದ್ದು ಎಂದು ಹೇಳಿದರೆ ಕೇಳುಗರು ಎರಡನ್ನೂ ನಂಬುವುದಿಲ್ಲ. ಅದರ ಬದಲು ನಿಮ್ಮ ಸುತ್ತ ಜನ ಈಗಾಗಲೇ ಕೇಳುತ್ತಿರುವ ಪ್ರಶ್ನೆಯಿಂದ ಶುರು ಮಾಡಿ. ಅದಕ್ಕೆ ಉತ್ತರ ಎಲ್ಲಿಂದ ಬಂತು, ಎಷ್ಟು ಗಟ್ಟಿ ಎಂದು ಹೇಳುವಾಗ ಸಂಶೋಧನೆ ತಾನಾಗಿಯೇ ಒಳಗೆ ಬರುತ್ತದೆ.

ನಮ್ಮ ಒಂದು ಕಂತಿನ ಕಥೆ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೂ ಗೊತ್ತಿರುತ್ತದೆ. ನೆಲದಡಿಯ ಬಂಡೆಯ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದಾಗ 1.5ರವರೆಗೆ. ಅದಕ್ಕಿಂತ ಜಾಸ್ತಿಯಾದರೆ ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳ ಹಲ್ಲಿಗೆ ಕಲೆ ಕೂರುತ್ತದೆ. ತುಂಬಾ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನುಮೂಳೆ ಬಿಗಿದುಕೊಳ್ಳುತ್ತವೆ. ಇದನ್ನೆಲ್ಲ ಹೇಳಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ ಎಂದೂ ಸೇರಿಸಿದ್ದೆವು. ಎಲ್ಲವೂ ಸರಿಯಾದ ಮಾತೇ.

ಹೊರಗೆ ಬಿಡುವ ಮುಂಚೆ ಊರಿನ ಒಬ್ಬರಿಗಾದರೂ ಕೇಳಿಸುವುದು ನಮ್ಮ ಪದ್ಧತಿ. ಆ ಸಲ ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಕೇಳಿಸಿದೆ. ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಮೊಬೈಲನ್ನು ಮೊರದ ಪಕ್ಕ ಇಟ್ಟೆ. ತಲೆ ಎತ್ತದೆ ಪೂರ್ತಿ ಕೇಳಿದರು. ಮುಗಿದ ಮೇಲೆ ಸಿಪ್ಪೆ ಕೊಡವಿಕೊಂಡು ಕೇಳಿದ ಮೊದಲ ಮಾತು: "ಹಂಗಾರೆ ನಾಳೆಯಿಂದ ನೀರು ಕಾಯ್ಸದು ಬಿಟ್‌ಬಿಡ್ಲೇನವ್ವ?"

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕುದಿಸುವುದು ಬಿಟ್ಟರೆ ಭೇದಿ, ಟೈಫಾಯಿಡ್, ಕಾಮಾಲೆ ತರುವ ರೋಗಾಣುಗಳು ನೀರಿನಲ್ಲೇ ಉಳಿಯುತ್ತವೆ. ಫ್ಲೋರೈಡ್ ತೊಂದರೆ ಮೈಯಲ್ಲಿ ಕಾಣಲು ವರ್ಷಗಳು ಬೇಕು, ಭೇದಿ ಒಂದು ಮಗುವನ್ನು ಎರಡು ದಿನದಲ್ಲಿ ಆಸ್ಪತ್ರೆಗೆ ಸೇರಿಸುತ್ತದೆ. ಹಾಗಾಗಿ ಕಂತಿಗೆ ಇನ್ನಷ್ಟು ಮಾತು ಸೇರಿಸಿದೆವು. ಕುದಿಸುವುದು ರೋಗಾಣುಗಳಿಗೆ, ಅದನ್ನು ಬಿಡಬೇಡಿ. ಫ್ಲೋರೈಡಿಗೆ ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರು ಬೇಕು. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ ಅದು ಹೋಗುವುದಿಲ್ಲ. ಕುಡಿಯುವುದಕ್ಕಷ್ಟೇ ಅಲ್ಲ, ಅನ್ನ ಸಾರಿಗೂ ಘಟಕದ ನೀರನ್ನೇ ಬಳಸಿ. ಸ್ನಾನಕ್ಕೆ, ಪಾತ್ರೆ ತೊಳೆಯಲು ಬೋರ್ ನೀರು ಸಾಕು.

ಅವತ್ತಿನಿಂದ ಪ್ರತಿ ಕಂತಿನ ಹಾಳೆಯ ಮೇಲ್ಭಾಗದಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇವೆ: ಇದನ್ನು ಕೇಳಿದವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ನೀವೂ ಬರೆದುಕೊಳ್ಳಿ. ಏನು ಹೇಳಬೇಕು, ಏನು ಬಿಡಬೇಕು ಎನ್ನುವ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಆಸ್ಪಿರಿನ್ ಬಗ್ಗೆ ಮಾಡುವಾಗ ಈ ಸಾಲು ನಮ್ಮನ್ನು ಉಳಿಸಿತು. ಹಾರ್ಟ್ ಅಟ್ಯಾಕ್ ಬಾರದಿರಲಿ ಎಂದು ದಿನಾ ಒಂದು ಸಣ್ಣ ಆಸ್ಪಿರಿನ್ ನುಂಗುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ, ಅಲ್ವಾ? ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಹಿರಿಯರ ಮೇಲೆ ನಡೆದ 'ಆಸ್‌ಪ್ರೀ' ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಅದರಲ್ಲಿದ್ದವರು ಹೆಚ್ಚಿನವರು 70 ದಾಟಿದವರು, ಮೊದಲು ಹೃದಯದ ಕಾಯಿಲೆ ಇಲ್ಲದವರು. ಅವರಲ್ಲಿ ಆಸ್ಪಿರಿನ್ ತೆಗೆದುಕೊಂಡವರು, ತೆಗೆದುಕೊಳ್ಳದವರಿಗಿಂತ ಜಾಸ್ತಿ ದಿನವೇನೂ ಗಟ್ಟಿಯಾಗಿ ಬದುಕಲಿಲ್ಲ. ಬದಲಿಗೆ ದೊಡ್ಡ ಮಟ್ಟದ ರಕ್ತಸ್ರಾವ ಹೆಚ್ಚಾಯಿತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ, ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿಸಿಕೊಂಡ ಯಜಮಾನರೊಬ್ಬರು ನಾಳೆ ಬೆಳಿಗ್ಗೆ ಮಾತ್ರೆ ಬಿಟ್ಟರೆ? ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು. ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಇರುವವರಿಗೆ ಈ ಮಾತು ಅನ್ವಯಿಸುವುದೇ ಇಲ್ಲ. ಇದನ್ನು ಕಂತಿನ ಮೊದಲ ನಿಮಿಷದಲ್ಲೂ ಹೇಳಿದೆವು, ಕೊನೆಯಲ್ಲೂ ಹೇಳಿದೆವು. ಓದುವವರಾದರೆ ಹಿಂದಿನ ಪುಟ ತಿರುವಿ ನೋಡುತ್ತಾರೆ. ಕೇಳುವವರು ಹಿಂದೆ ಹೋಗುವುದಿಲ್ಲ. ಅರ್ಧಕ್ಕೆ ಬಸ್ ಇಳಿಯುತ್ತಾರೆ, ಕುಕ್ಕರ್ ಕೂಗಿದರೆ ಎದ್ದು ಹೋಗುತ್ತಾರೆ.

ಅಂಕಿಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಅದೇ ಆಸ್‌ಪ್ರೀಯಲ್ಲಿ ರಕ್ತಸ್ರಾವದ ಅಪಾಯ 38% ಜಾಸ್ತಿ ಎಂದು ಬರೆದಿದ್ದಾರೆ. ಸುಳ್ಳಲ್ಲ. ಆದರೆ ಕಿವಿಗೆ ಅದು 100 ಜನರಲ್ಲಿ 38 ಮಂದಿಗೆ ರಕ್ತ ಹೋಯಿತು ಎಂದೇ ಕೇಳಿಸುತ್ತದೆ. ನಿಜವಾಗಿ ಮಾತ್ರೆ ತೆಗೆದುಕೊಳ್ಳದವರಲ್ಲಿ 100ಕ್ಕೆ ಸುಮಾರು 3 ಜನ, ತೆಗೆದುಕೊಂಡವರಲ್ಲಿ ಸುಮಾರು 4 ಜನ, ಅದೂ ಐದು ವರ್ಷದ ಆಸುಪಾಸಿನಲ್ಲಿ. 'ನೂರು ಜನರಲ್ಲಿ ಇಷ್ಟು ಮಂದಿ' ಎನ್ನುವ ರೀತಿ ಒಂದನ್ನೇ ಹಿಡಿದುಕೊಳ್ಳಿ. ಶೇಕಡಾ, ಪಟ್ಟು, ಅನುಪಾತ ಎಲ್ಲವನ್ನೂ ಬಿಟ್ಟುಬಿಡಿ.

ಇದು ಸಣ್ಣ ವಿಷಯ ಅಲ್ಲ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಕೆ ಕೊಟ್ಟರು. ಸುಮಾರು 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತದೆ ಎನ್ನುವುದು ಅದರ ಅರ್ಥ. 'ಎರಡು ಪಟ್ಟು' ಎನ್ನುವುದಷ್ಟೇ ಸುದ್ದಿಯಾಯಿತು. ಎಷ್ಟೋ ಜನ ಹೆದರಿ ಮಾತ್ರೆ ಬಿಟ್ಟರು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು ಎಂದು ಲೆಕ್ಕ ಹಾಕಿದ್ದಾರೆ. ಬಸಿರಿನಲ್ಲೇ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ. ಒಂದು ಅಂಕಿಯನ್ನು ಅರ್ಧ ಹೇಳಿದ್ದಕ್ಕೆ ಆದ ಅನಾಹುತ ಇದು.

ಮೊದಲ ಕಂತಿಗೆ ವಿಷಯ ಬೇಕಾದರೆ ನಿಮ್ಮ ಊರಲ್ಲೇ ಇದೆ. ಮಂಡಕ್ಕಿ ಮಿರ್ಚಿ ತಿನ್ನುವ ದಾವಣಗೆರೆಯಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಕೇಳಿರುವ ಮಾತು, ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎನ್ನುವುದು. ಬಹಳ ಕಾಲ ಡಾಕ್ಟರುಗಳೂ ಖಾರ, ಟೆನ್ಷನ್, ಆಸಿಡ್ ಎಂದೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಇದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದರು. ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಎಂಡೋಸ್ಕೋಪಿ ಮಾಡಿ ನೋಡಿದರೆ ಜಠರದ ಒಳಪದರದಲ್ಲಿ ಉರಿಯೂತವಾಗಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಂಥ ಕಥೆ ಹೇಳುವುದಕ್ಕೆ ದನಿಗಿಂತ ಒಳ್ಳೆಯ ಸಾಧನ ಇಲ್ಲ.

ಆದರೆ ಆ ಒಂದು ಸಾಲು ಮರೆಯಬೇಡಿ. ನಾಳೆ ಬೆಳಿಗ್ಗೆ ಏನು ಮಾಡಬೇಕು? ಹೊಟ್ಟೆನೋವು ಇರುವವರು ಸುಮ್ನೆ ಮೆಣಸಿನಕಾಯಿ ಬಿಟ್ಟು ಕೂರಬಾರದು. ಪರೀಕ್ಷೆ ಮಾಡಿಸಬೇಕು. ಬ್ಯಾಕ್ಟೀರಿಯಾ ಇದ್ದರೆ ಆಂಟಿಬಯೋಟಿಕ್ ಕೋರ್ಸ್ ಇದೆ. ಇನ್ನೊಂದು ದೊಡ್ಡ ಕಾರಣ ಮಂಡಿನೋವು, ಬೆನ್ನುನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದು ನುಂಗುವ ನೋವಿನ ಮಾತ್ರೆ. ಖಾರದಿಂದ ಕೆಲವರಿಗೆ ಉರಿ ಜಾಸ್ತಿಯಾಗಬಹುದು, ಅದು ಬೇರೆ ಮಾತು. ಮಲ ಕಪ್ಪಗೆ ಟಾರಿನಂತೆ ಹೋದರೆ, ರಕ್ತ ವಾಂತಿಯಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಕಥೆ ಎಂಟು ನಿಮಿಷ ಇರಲಿ, ಈ ಭಾಗಕ್ಕೆ ಕನಿಷ್ಠ ಮೂರು ನಿಮಿಷ ಇಡಿ.

ಅಡಿಕೆ ಬಗ್ಗೆ ಮಾಡುವ ಧೈರ್ಯ ಬಂದಾಗ ಮಾಡಿ. ಚನ್ನಗಿರಿ, ಹೊಳಲ್ಕೆರೆ ಕಡೆ ಅದು ಅನ್ನ ಕೊಡುವ ಬೆಳೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಎನ್ನುವುದನ್ನಲ್ಲ. ಬಿಸಿಲೂ ಅದೇ ಗುಂಪಿನಲ್ಲಿದೆ. ಇದನ್ನು ಬಿಡಿಸಿ ಹೇಳದೆ ಹೋದರೆ ಬೆಳೆಗಾರರು ನೊಂದುಕೊಳ್ಳುತ್ತಾರೆ, ಅಗಿಯುವವರು ತಳ್ಳಿಹಾಕುತ್ತಾರೆ. ಅಗಿಯುವವರಿಗೆ ನೇರವಾಗಿ ಹೇಳಿ: ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯುತ್ತಿಲ್ಲವೇ, ಖಾರ ತಿಂದರೆ ಬಾಯೊಳಗೆ ಸುಡುತ್ತದೆಯೇ, ಹಾಗಾದರೆ ಅಗಿಯುವುದು ನಿಲ್ಲಿಸಿ ಹಲ್ಲಿನ ಡಾಕ್ಟರಿಗೆ ತೋರಿಸಿ. ಬೆಳೆಗಾರರನ್ನು ಬೈಯುವುದು ನಮ್ಮ ಕೆಲಸ ಅಲ್ಲ.

ಮೂಲಗಳಿಗೆ ಒಂದೇ ಪ್ರಬಂಧ ಹಿಡಿಯದೆ, ಹಲವು ಅಧ್ಯಯನ ಸೇರಿಸಿ ನೋಡುವ ಕಾಕ್ರೇನ್ ವಿಮರ್ಶೆಗಳಿಂದ ಶುರು ಮಾಡಿ. ಅವುಗಳ ಸರಳ ಸಾರಾಂಶ ಯಾರು ಬೇಕಾದರೂ ಓದಬಹುದು, ಆಡಿಯೊ ರೂಪದಲ್ಲೂ ಕೆಲವು ಸಿಗುತ್ತವೆ. ಇಲಿಗಳ ಮೇಲೆ ನಡೆದದ್ದಾದರೆ ಮೊದಲ ವಾಕ್ಯದಲ್ಲೇ ಇಲಿ ಎನ್ನಿ. ತಜ್ಞರ ಪರಿಶೀಲನೆ ಆಗದ ಪ್ರಿಪ್ರಿಂಟ್‌ಗಳ ಹತ್ತಿರ ಸದ್ಯಕ್ಕೆ ಹೋಗಬೇಡಿ. ನಮ್ಮ ದೇಶದ ಅಂಕಿಗಳಿದ್ದರೆ ಅವನ್ನೇ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅಂದಾಜಿಸಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿ. ನಮ್ಮ ಬೀದಿಯಲ್ಲಿ ನೂರು ದೊಡ್ಡವರಿದ್ದರೆ ಎಂದು ಶುರು ಮಾಡಿದರೆ ಕೇಳುವವರೇ ಮನೆ ಮನೆ ಎಣಿಸುತ್ತಾರೆ.

ನೀವು ಇನ್ನೂ ವಿದ್ಯಾರ್ಥಿ. ಅದನ್ನು ಪ್ರತಿ ಕಂತಿನಲ್ಲೂ ಹೇಳಿ. ಆರೋಗ್ಯದ ಮಾಹಿತಿ ಹಂಚುವ ಡಾಕ್ಟರುಗಳು, ತಜ್ಞರು ತಮ್ಮ ಅರ್ಹತೆ ತಿಳಿಸಬೇಕು, ತಜ್ಞರಂತೆ ಮಾತಾಡುವ ಇತರರು ತಮ್ಮ ಮಾತು ಡಾಕ್ಟರ ಸಲಹೆಗೆ ಬದಲಿಯಲ್ಲ ಎಂದು ಹೇಳಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲಿ ಮಾರ್ಗಸೂಚಿ ತಂದಿದೆ. ರಿಪೋರ್ಟ್ ಫೋಟೊ ಕಳಿಸಿ ಯಾವ ಮಾತ್ರೆ ತಗೊಳ್ಳಲಿ ಎಂದು ಕೇಳುವವರು ಖಂಡಿತ ಬರುತ್ತಾರೆ. ಎಷ್ಟೇ ಮನಸ್ಸು ಕರಗಿದರೂ ಡೋಸ್ ಹೇಳಬೇಡಿ. ಯಾವ ವಿಭಾಗದ ಡಾಕ್ಟರಿಗೆ ತೋರಿಸಬೇಕು ಎಂದಷ್ಟೇ ತಿಳಿಸಿ. ವಾರ್ಡಿನಲ್ಲಿ ನೋಡಿದ ರೋಗಿಯ ಕಥೆಯನ್ನು ಹೆಸರು ಬದಲಿಸಿ ಹೇಳಿದರೂ ನಮ್ಮಂಥ ಊರಲ್ಲಿ ಗುರುತು ಸಿಕ್ಕಿಬಿಡುತ್ತದೆ. ತಾಲ್ಲೂಕು, ಕೆಲಸ, ವಯಸ್ಸು ಮೂರು ಸೇರಿದರೆ ಸಾಕು. ಕೇಳುಗರು ಹೆಚ್ಚಾದ ಮೇಲೆ ಸಕ್ಕರೆ ಕಾಯಿಲೆ ವಾಸಿ ಮಾಡುವ ಪುಡಿ ಮಾರುವವರು ಜಾಹೀರಾತಿಗೆ ಬರುತ್ತಾರೆ. ಹಾಗೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ರೆಕಾರ್ಡಿಂಗ್ ದೊಡ್ಡ ವಿಷಯವಲ್ಲ. ಮೊಬೈಲು, ಇಯರ್‌ಫೋನಿನ ಮೈಕು, ಬಟ್ಟೆಬರೆ ತುಂಬಿದ ಸಣ್ಣ ಕೋಣೆ ಸಾಕು. ಫ್ಯಾನ್ ಆರಿಸಿ. ಹದಿನೈದು ನಿಮಿಷ ಮೀರದಿರಲಿ. ಸ್ಪಾಟಿಫೈ, ಯೂಟ್ಯೂಬಿಗೆ ಹಾಕಿ, ಆದರೆ ವಾಟ್ಸಾಪಿಗೆ ಹಗುರವಾದ ಆಡಿಯೊ ಫೈಲನ್ನೇ ಕೊಡಿ. ಹಳ್ಳಿಗಳಲ್ಲಿ ಓಡಾಡುವುದು ಅದೇ. ಆಶಾ ಕಾರ್ಯಕರ್ತೆಯರಿಗೆ ಮೊದಲು ಕಳಿಸಿ. ಅವರಿಗೆ ಒಪ್ಪಿಗೆಯಾದರೆ ಊರಿಗೆಲ್ಲ ಅವರೇ ಮುಟ್ಟಿಸುತ್ತಾರೆ. ಆಡಿಯೊ ಫೈಲಿನ ಹೆಸರಿನಲ್ಲಿ ತಿಂಗಳು, ವರ್ಷ ಹಾಕುವುದು ಮರೆಯಬೇಡಿ. ಒಮ್ಮೆ ವಾಟ್ಸಾಪಿಗೆ ಬಿಟ್ಟದ್ದನ್ನು ವಾಪಸ್ ತರಲು ಆಗುವುದಿಲ್ಲ. ಮುಂದೆ ಸಲಹೆ ಬದಲಾದಾಗ, ಇಂಥ ತಿಂಗಳ ಕಂತು ಅಳಿಸಿ ಇದನ್ನು ಕೇಳಿ ಎಂದು ಹೇಳಲು ಅದೊಂದೇ ದಾರಿ.