ಬಸಿದ ನೆಲಕ್ಕೆ ಮತ್ತೆ ನೀರು

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: ‘ಡೆನ್ಮಾರ್ಕಿನಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಹೊಲಗಳಲ್ಲಿ ನೀರು ನಿಲ್ಲಿಸುತ್ತಿದೆಯಂತೆ. ನಾವು ಬಸಿಗಾಲುವೆ ತೋಡಿ ತೋಟ ಉಳಿಸಿಕೊಳ್ಳುತ್ತೇವೆ, ಅವರು ಮುಚ್ಚುತ್ತಾರೆ. ಇದು ಹುಚ್ಚಲ್ಲವೇ?’

ಸಂಪಾದಕರ ಉತ್ತರ: ಹಾಗನ್ನಿಸೋದು ಸಹಜ. ಆದರೆ ಅಲ್ಲಿ ಬಸಿದದ್ದು ನಿಮ್ಮ ತೋಟದಂಥ ಮಣ್ಣಲ್ಲ, ಪೀಟ್. ಸಾವಿರಾರು ವರ್ಷ ನೀರಲ್ಲೇ ಇದ್ದು, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಪಾಚಿ, ಹುಲ್ಲು, ಬೇರು. ಗಾಳಿ ಸಿಗಲಿಲ್ಲ, ಅದಕ್ಕೇ ಉಳಿಯಿತು. ನೀರು ಬಸಿದರೆ ಗಾಳಿ ಒಳಗಿಳಿಯುತ್ತದೆ, ಪೀಟ್ ಕೊಳೆಯುತ್ತದೆ, ಭೂಮಿಯ ಬಿಸಿ ಏರಿಸುವ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನೆಲವೂ ಕುಸಿಯುತ್ತಾ ಹೋಗುತ್ತದೆ. ಆಗ ಕಾಲುವೆ ಇನ್ನಷ್ಟು ಆಳ ತೋಡಬೇಕು. ಮುಗಿಯದ ಕೆಲಸ ಅಲ್ವಾ?

ಹುಚ್ಚು ಎನ್ನುವುದಾದರೆ ಹಳೆಯದನ್ನೇ ಅನ್ನಬೇಕು. 1960ರ ದಶಕದಲ್ಲಿ ಡೆನ್ಮಾರ್ಕಿನ ಸ್ಕೆರ್ನ್ ನದಿಯನ್ನು ಗೆರೆ ಎಳೆದಂತೆ ನೇರ ಮಾಡಿ, ಸುಮಾರು 4,000 ಹೆಕ್ಟೇರ್ ಜೌಗನ್ನು ಹೊಲ ಮಾಡಿದರು. 1999ರಿಂದ 2002ರವರೆಗೆ ಮತ್ತೆ ದುಡ್ಡು ಸುರಿದು ಅದೇ ನದಿಗೆ ತಿರುವು ಕೊಟ್ಟರು! ಐಸ್‌ಲೆಂಡಿನದು ಇನ್ನೂ ವಿಚಿತ್ರ. ಸರ್ಕಾರದ ಸಹಾಯಧನದಲ್ಲಿ ಬಸಿದ ಎಷ್ಟೋ ನೆಲದಲ್ಲಿ ಯಾರೂ ಉಳಲೇ ಇಲ್ಲ.

ಈಗಿನ ಲೆಕ್ಕ ದೊಡ್ಡದು. 2024ರಲ್ಲಿ ಡೆನ್ಮಾರ್ಕಿನ ಸರ್ಕಾರ, ರೈತ ಸಂಘಟನೆ, ಪರಿಸರ ಸಂಘಟನೆ ಮುಂತಾದವರು ಕೂತು ಒಪ್ಪಂದ ಮಾಡಿಕೊಂಡರು. 1 ಲಕ್ಷ 40 ಸಾವಿರ ಹೆಕ್ಟೇರ್ ತಗ್ಗು ನೆಲವನ್ನು ಬೇಸಾಯದಿಂದ ಬಿಡಿಸಬೇಕು. ಹೊಸದಾಗಿ ಕಾಡು ಬೆಳೆಸುವ ಖರ್ಚೂ ಸೇರಿ ಸುಮಾರು 4,300 ಕೋಟಿ ಕ್ರೋನರ್ (ಅಲ್ಲಿನ ಹಣ) ನಿಧಿ. ಒಲ್ಲೆ ಎಂದು ಇಂಥ ನೆಲ ಉಳುತ್ತಲೇ ಇರುವವರಿಗೆ ಮುಂದೆ ತೆರಿಗೆಯ ಬಿಸಿಯೂ ಇದೆ. ಸ್ವೀಡನ್ನಿನಲ್ಲಿ ಹಾಗಿಲ್ಲ. ಅಲ್ಲಿ ಕಾಡಿನ ಮಾಲೀಕ ತಾನಾಗಿ ಒಪ್ಪಿದರೆ ಅರಣ್ಯ ಇಲಾಖೆ ಹಣ ಕೊಟ್ಟು ಕಾಲುವೆ ಮುಚ್ಚಿಸುತ್ತದೆ. 2024ರಲ್ಲಿ ಯುರೋಪಿಯನ್ ಒಕ್ಕೂಟ ಪ್ರಕೃತಿ ಮರುಸ್ಥಾಪನೆಯ ಕಾನೂನು ತಂದಾಗ ಸ್ವೀಡನ್, ಫಿನ್‌ಲೆಂಡ್ ಎರಡೂ ವಿರೋಧವಾಗಿ ಮತ ಹಾಕಿದವು. ಮರದ ವ್ಯಾಪಾರದ ದೇಶಗಳು, ಅಳುಕು ಇರೋದೇ.

ನೀರು ನಿಂತರೆ ಬಿಸಿ ಏರಿಸುವ ಇನ್ನೊಂದು ಅನಿಲ, ಮೀಥೇನ್, ಹೆಚ್ಚುತ್ತದೆ, ನಿಜ. ಆದರೆ ಅದು ಗಾಳಿಯಲ್ಲಿ ಜಾಸ್ತಿ ಕಾಲ ಇರುವುದಿಲ್ಲ. ಡೈಆಕ್ಸೈಡ್ ಹಾಗಲ್ಲ, ಸೇರುತ್ತಲೇ ಹೋಗುತ್ತದೆ.

ನನ್ನ ಕಣ್ಣಿಗೆ ತೊಡಕು ಕಾಣುವುದು ಬೇರೆಡೆ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಒಬ್ಬರು ಕಾಲುವೆ ಮುಚ್ಚಿದರೆ ಪಕ್ಕದವರ ಬೆಳೆಯೂ ನೀರಲ್ಲಿ. ಹಾಗಾಗಿ ಡೆನ್ಮಾರ್ಕಿನಲ್ಲಿ ತಗ್ಗಿನ ಜಮೀನು ಬಿಟ್ಟುಕೊಟ್ಟವರಿಗೆ ಬೇರೆಡೆ ಜಮೀನು ಕೊಡಿಸಿ ಅದಲು ಬದಲು ಮಾಡಿಸುವ ಕ್ರಮವೂ ಇದೆ. ಒಂದೊಂದು ಊರಿನಲ್ಲೂ ಇದು ಮುಗಿಯುವುದಕ್ಕೇ ವರ್ಷಗಳು ಹಿಡಿಯುತ್ತವೆ.